ಕೊಬ್ಬರಿ ಗೋಡೌನಿನ ಗೋಡೆಗೆ ನಾನು ಹೊಡೆದ ಸುಣ್ಣ

ಕಡೂರಿನ ಚಿತ್ರಶಾಲೆಯನ್ನು ಜನರ ಮೂಢನಂಬಿಕೆ ಹಾಳು ಮಾಡಿತು ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಈಚೆಗೂ ಒಂದು ಸಭೆಯಲ್ಲಿ ಒಬ್ಬರು ಮೈಕಿನ ಮುಂದೆ ನಿಂತು ಹಾಗೆಯೇ ಹೇಳಿದರು. ಸೂತಕದ ಸುಣ್ಣ ಕಲೆಯ ಮೇಲೆ ಬಿತ್ತಂತೆ. ಹಳ್ಳಿಗಾಡಿನ ಜನಕ್ಕೆ ಚಿತ್ರದ ಬೆಲೆ ತಿಳಿಯಲಿಲ್ಲವಂತೆ. ಕೇಳುತ್ತಿದ್ದವರು ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದರು. ನಾನೂ ಅವರ ನಡುವೆ ಕುಳಿತು ಕಾಫಿ ಕುಡಿದು ಎದ್ದು ಬಂದೆ. ಆ ಸುಣ್ಣ ಹೊಡೆದವನು ನಾನು. ಎಸ್ಸೆಸ್ಸೆಲ್ಸಿ ಪಾಸಾದವನು, ಅಷ್ಟಿಷ್ಟು ಬಣ್ಣ ಬಳಿಯಬಲ್ಲವನು, ಚಿತ್ರಶಾಲೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಯಲ್ಲಿ ಎದೆ ಸೆಟೆಸಿ ಓಡಾಡಿದವನು. ಹಳ್ಳಿಗಾಡಿನ ಜನ ಏನೂ ಮಾಡಲಿಲ್ಲ. ನಾನು ಮಾಡಿದೆ.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಮೇಷ್ಟ್ರು ತರೀಕೆರೆಯವರು. ಬ್ರಹ್ಮಚಾರಿ, ಸಿಡುಕ. ಒಳ್ಳೆಯ ಬಣ್ಣದ ಪೆಟ್ಟಿಗೆ ಕಂಡರೆ ಊಟ ಮರೆಯುತ್ತಿದ್ದರು. ಈ ಕಾಲದ ಚಿತ್ರಗಾರರು ಏನು ಬರೆಯುತ್ತಿದ್ದಾರೆ ಎನ್ನುವುದನ್ನು ನಮ್ಮ ಕಡೆಯ ಜನ ನೋಡಬೇಕು ಎಂಬುದು ಅವರ ಹುಚ್ಚು. ಮೊದಲು ತರೀಕೆರೆಯಲ್ಲೇ ಒಂದು ಅಕ್ಕಿ ಗಿರಣಿಯ ಮಹಡಿಯ ಮೇಲೆ ಹತ್ತಾರು ಚಿತ್ರ ನೇತು ಹಾಕಿದ್ದರು. ಕೆಳಗೆ ಗಿರಣಿ ಓಡಿದಾಗಲೆಲ್ಲ ಗೋಡೆ ನಡುಗಿ ಚಿತ್ರಗಳು ಓರೆಯಾಗುತ್ತಿದ್ದವು, ತೌಡಿನ ಧೂಳು ಕೂರುತ್ತಿತ್ತು. ಕೆಲವು ತಿಂಗಳಲ್ಲಿ ಅದು ಮುಚ್ಚಿತು. ಎಪ್ಪತ್ತರ ದಶಕದ ನಡುವಿನಲ್ಲಿ ಅವರು ಕಡೂರಿನ ಕೊಬ್ಬರಿ ಸಾಹುಕಾರರೊಬ್ಬರನ್ನು ಹಿಡಿದರು. ಆ ಸಾಹುಕಾರರ ಮಂಡಿಯಲ್ಲಿ ನಾನು ಗುಮಾಸ್ತ. ಅವರು ಹೊಸ ಮಂಡಿ ಕಟ್ಟಿಸಿದ್ದರಿಂದ ರೈಲ್ವೆ ಸ್ಟೇಷನ್ನಿನ ಕಡೆಯ ಹಳೆಯ ಗೋಡೌನಿನ ಮುಕ್ಕಾಲು ಭಾಗ ಖಾಲಿ ಬಿದ್ದಿತ್ತು.

ಮೇಷ್ಟ್ರು ಹೋಗಿ ಕೇಳಿದಾಗ ಸಾಹುಕಾರರು ಎಲೆ ಅಡಿಕೆ ಮೆಲ್ಲುತ್ತ, "ಚಿತ್ರ ನೋಡಾಕೆ ದುಡ್ಡು ಇಸ್ಕೊಂತೀರಾ?" ಎಂದರು.

"ಇಲ್ಲ."

"ಮತ್ತೆ ನಿಮಗೇನ್ರೀ ಲಾಭ?"

"ಏನೂ ಇಲ್ಲ."

ಸಾಹುಕಾರರು ಹೊಟ್ಟೆ ಕುಲುಕಿಸಿ ನಕ್ಕರು. "ಹಂಗಾದ್ರೆ ಮೋಸ ಇಲ್ಲ ಬಿಡಿ. ತಗಳ್ಳಿ. ಖಾಲಿ ಬಿದ್ದಿದ್ರೆ ಹೆಗ್ಗಣ ಸೇರ್ತವೆ. ನಮ್ ಗುಮಾಸ್ತಂಗೂ ಬಣ್ಣದ ತೆವಲು ಐತೆ, ಅವ್ನೇ ಬಾಗ್ಲು ತೆಗೆದು ಹಾಕ್ಲಿ."

ಹೀಗೆ ಚಿತ್ರಶಾಲೆ ಹುಟ್ಟಿತು. ಯಾರೂ ಟೇಪು ಕತ್ತರಿಸಲಿಲ್ಲ. ಸಂಜೆ ಮಂಡಿಯ ಕೆಲಸ ಮುಗಿದ ಮೇಲೆ ಮತ್ತು ಸಂತೆಯ ದಿನ ಪೂರ್ತಿ ಬಾಗಿಲು ತೆರೆದಿರುತ್ತಿತ್ತು. ಎಷ್ಟು ಗುಡಿಸಿದರೂ ಒಳಗೆ ಕೊಬ್ಬರಿಯ ಕಮಟು ಹೋಗುತ್ತಿರಲಿಲ್ಲ. ಮೇಷ್ಟ್ರು ಬೆಂಗಳೂರು, ಮೈಸೂರುಗಳ ತಮ್ಮ ಪರಿಚಯದ ಚಿತ್ರಗಾರರಿಂದ ಚಿತ್ರಗಳನ್ನು ಬೇಡಿ ತಂದು, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಒಮ್ಮೆ ತಂದ ಚಿತ್ರದಲ್ಲಿ ಹಸಿರಿನ ಮೇಲೆ ನಾಲ್ಕು ಕಪ್ಪು ಗೆರೆ, ಒಂದು ಮೂಲೆಯಲ್ಲಿ ಕೆಂಪು ಚೌಕ. ದೇವನೂರಿನ ಕಡೆಯ ರೈತರೊಬ್ಬರು ಬೆನ್ನ ಮೇಲಿನ ಚೀಲವನ್ನು ಇಳಿಸದೆ ಅದರ ಮುಂದೆ ಬಹಳ ಹೊತ್ತು ನಿಂತರು.

"ಇದು ಯಾವ ಹೋಬಳಿ ನಕ್ಷೆ ಕಣ್ರೀ?"

"ನಕ್ಷೆ ಅಲ್ಲ ಯಜಮಾನ್ರೇ, ಚಿತ್ರ."

"ಸುಮ್ಕಿರಪ್ಪ ಕಂಡಿದ್ದೀನಿ. ಇದು ದಾರಿ, ಇದು ಬದು. ಈ ಕೆಂಪಗೆ ಐತಲ್ಲ, ಇದು ಖರಾಬು, ಸರ್ಕಾರದ ಬೀಳು. ಖರಾಬನ್ನ ಒತ್ತುವರಿ ಮಾಡವ್ನೆ ನನ್ಮಗ, ಗೆರೆ ಒಳಕ್ಕೆ ಬಂದ್ಬಿಟ್ಟೈತೆ ನೋಡು!"

ನಾನು ಒಳಗೇ ನಕ್ಕೆ. ಮೇಷ್ಟ್ರು ನಗಲಿಲ್ಲ. ಆತ ಹೋದ ಮೇಲೆ, "ಲೇ, ನೀನು ಈ ಚಿತ್ರದ ಮುಂದೆ ಅಷ್ಟು ಹೊತ್ತು ಒಂದು ದಿನವಾದರೂ ನಿಂತಿದ್ದೀಯೇನೋ?" ಎಂದು ಕೇಳಿದರು. ನನಗೆ ಸಿಟ್ಟು ಬಂತು. ಆಗೆಲ್ಲ ನನಗೆ ಸಿಟ್ಟು ಬರುತ್ತಿದ್ದದ್ದು ಇಂಥ ಮಾತಿಗೇ. ಈಗ ಬರುತ್ತಿರುವ ಸಿಟ್ಟು ಬೇರೆ.

ಉದ್ದನೆಯ ಗೋಡೆಯೊಂದರ ಮೇಲೆ ನನ್ನ ಚಿತ್ರಗಳಿದ್ದವು. ಶಿಷ್ಯ ಎಂದು ಮೇಷ್ಟ್ರು ಜಾಗ ಕೊಟ್ಟಿದ್ದರು. ಎರಡು ಜಿಂಕೆ, ಕೊಳದಲ್ಲಿ ಹಂಸ, ಲಕ್ಕವಳ್ಳಿ ಅಣೆಕಟ್ಟಿನಲ್ಲಿ ಸೂರ್ಯಾಸ್ತ. ಈ ಕೊನೆಯದು ನನಗೆ ಬಲು ಹೆಮ್ಮೆಯದು. ನಾನು ಲಕ್ಕವಳ್ಳಿಗೆ ಬಸ್ಸಿನಲ್ಲಿ ಹೋಗಿ ಅಣೆಕಟ್ಟನ್ನು ಕಣ್ಣಾರೆ ನೋಡಿ ಬಂದಿದ್ದೆ. ಬಂದು ಬರೆಯಲು ಕುಳಿತವನು ಅಂಗಡಿಯ ಕ್ಯಾಲೆಂಡರ್ ಒಂದನ್ನು ಎದುರಿಗಿಟ್ಟುಕೊಂಡು ಅದರಲ್ಲಿದ್ದ ಹಿಮದ ಬೆಟ್ಟವನ್ನು ಹಿಂದೆ ಸೇರಿಸಿದೆ. ನೋಡಿದವರು ಭೇಷ್ ಎಂದರು. ಲಕ್ಕವಳ್ಳಿಯಲ್ಲಿ ಹಿಮ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಮೇಷ್ಟ್ರೂ ಕೇಳಲಿಲ್ಲ, ಸುಮ್ಮನೆ ಒಮ್ಮೆ ನನ್ನನ್ನು ನೋಡಿದರು.

ಆಮೇಲೆ ಅಜ್ಜಂಪುರದ ಆ ಹುಡುಗಿ ಬಂದಳು. ಹುಡುಗಿ ಎಂದೆ, ಇಪ್ಪತ್ತೈದರ ಸುಮಾರಿನ ಹೆಣ್ಣುಮಗಳು, ಈರುಳ್ಳಿ ಬೆಳೆಯುವವರ ಮನೆಯವಳು. ಹೊರಗೆ ಹೋಗಿ ಚಿತ್ರಕಲೆಯನ್ನೇ ಓದಿ ಬಂದಿದ್ದಳು. ಮೇಷ್ಟ್ರು ಅವಳ ಚಿತ್ರಗಳನ್ನು ತರಿಸಿ ತೂಗುಹಾಕಿದರು. ಊರಿನವರಿಗೆ ಅವು ಹಿಡಿಸಲಿಲ್ಲ. ಮುಖ ಎಲ್ಲಿದೆ, ಕಾಲು ಎಲ್ಲಿದೆ ಎಂದು ಹುಡುಕಿ ಸುಸ್ತಾಗಿ ಹೋದರು. ನನಗೆ ಒಳಗೊಳಗೇ ಖುಷಿ. ಅವಳು ಬೇಸರ ಮಾಡಿಕೊಂಡು ಊರಿಗೆ ಹೋಗುತ್ತಾಳೆ ಎಂದುಕೊಂಡರೆ, ಮೇಷ್ಟ್ರ ಪರಿಚಯದವರ ಮನೆಯಲ್ಲಿ ಉಳಿದುಕೊಂಡು ದಿನವೂ ಗೋಡೌನಿಗೆ ಬರತೊಡಗಿದಳು.

ಗೋಡೌನಿನ ಹಿಂಭಾಗದ ಜಗಲಿಯಲ್ಲಿ ಸಾಹುಕಾರರ ಕೊಬ್ಬರಿ ಕೆಲಸ ಇನ್ನೂ ನಡೆಯುತ್ತಿತ್ತು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯ ಕರಟವನ್ನು ಮಚ್ಚಿನ ಹಿಂಬದಿಯಿಂದ ತಟ್ಟಿ ಒಡೆದು, ಒಳಗಿನ ಗಿಟುಕು, ಎಂದರೆ ಉಂಡೆ ಕೊಬ್ಬರಿ, ಮುರಿಯದಂತೆ ತೆಗೆಯುವ ಕೆಲಸ. ಸುತ್ತಲ ಹಳ್ಳಿಯ ಹೆಂಗಸರು ಬರುತ್ತಿದ್ದರು. ಅವರು ಕೊಬ್ಬರಿ ಚೂರು ಬಾಯಿಗೆ ಹಾಕಿಕೊಳ್ಳದಂತೆ ಕಾಯುವುದು ನನ್ನ ಕೆಲಸದಲ್ಲಿ ಒಂದು. ಅಜ್ಜಂಪುರದವಳು ಅವರ ನಡುವೆ ಕುಳಿತು ಕರಟ ಸುಟ್ಟು ಇದ್ದಿಲು ಮಾಡಿಕೊಂಡಳು. ಕೆಮ್ಮಣ್ಣು ಕಲಸಿದಳು. ನಂತರ ಮೇಷ್ಟ್ರ ಹತ್ತಿರ ಹೋಗಿ, "ಸಾರ್, ಆ ಉದ್ದನೆ ಗೋಡೆ ನಂಗೆ ಬೇಕು" ಎಂದಳು.

ನನ್ನ ಚಿತ್ರಗಳನ್ನು ಇಳಿಸಿದರು.

"ಬೇಜಾರು ಮಾಡ್ಕೋಬೇಡ ಕಣೋ," ಎಂದರು ಮೇಷ್ಟ್ರು. "ನಿನ್ನವನ್ನ ಎಲ್ಲಿ ಬೇಕಾದ್ರೂ ನೇತು ಹಾಕಬಹುದು. ಅವಳು ಬರೆಯೋದು ಗೋಡೆಗೇ."

ಎಲ್ಲಿಯೂ ನೇತು ಹಾಕಲಿಲ್ಲ. ನನ್ನ ಅಣೆಕಟ್ಟು, ಜಿಂಕೆ, ಹಂಸ ಎಲ್ಲ ಖಾಲಿ ಗೋಣಿಚೀಲಗಳ ರಾಶಿಯ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತವು.

ಅವಳು ಆ ಕೊಬ್ಬರಿ ಹೆಂಗಸರನ್ನೇ ಆಳೆತ್ತರಕ್ಕೆ ಬರೆದಳು. ಸಾಲಾಗಿ ಕುಳಿತವರು, ಮಚ್ಚು ಎತ್ತಿದವರು, ಸೆರಗಿನಿಂದ ಬೆವರು ಒರೆಸಿಕೊಳ್ಳುವವರು. ಈ ಸಲ ಮುಖಗಳಿದ್ದವು. ಅಲ್ಲಿಯತನಕ ಚಿತ್ರಶಾಲೆಯ ಹೊಸ್ತಿಲು ದಾಟದಿದ್ದ ಆ ಹೆಂಗಸರು ಈಗ ಕೆಲಸ ಬಿಟ್ಟು ಒಳಗೆ ನುಗ್ಗುತ್ತಿದ್ದರು.

"ಅಯ್ಯೋ ನನ್ ಮೂಗು ಇಷ್ಟು ದಪ್ಪನಾ?"

"ಮೂಗು ಸರಿ ಬರ್ದವ್ಳೆ ಬಿಡೇ. ನಿನ್ ಬಾಯಿ ಬರೆಯಾಕೆ ಗೋಡೆ ಸಾಲ್ದು."

ಅವರ ಮನೆಯವರು ಬಂದರು, ಊರಿನವರು ಬಂದರು. ಸಂತೆಗೆ ಬಂದವರು ಅತ್ತೆಯನ್ನೋ ನಾದಿನಿಯನ್ನೋ ಗುರುತು ಹಿಡಿದು ಬೆರಳು ತೋರಿಸಿ ನಕ್ಕರು. ಚಿತ್ರಶಾಲೆ ಒಂದು ಊರಿನಲ್ಲಿ ಏನು ಮಾಡುತ್ತದೆ ಎಂದು ದೊಡ್ಡವರೆಲ್ಲ ಭಾಷಣ ಮಾಡುವುದನ್ನು ಕೇಳಿದ್ದೇನೆ. ನಾನು ಕಂಡದ್ದು ಇಷ್ಟು: ಬದುಕಿನಲ್ಲಿ ಒಂದು ಫೋಟೋ ಕೂಡ ತೆಗೆಸಿಕೊಳ್ಳದವರು ಗೋಡೆಯ ಮೇಲೆ ತಮ್ಮನ್ನು ತಾವು ನೋಡಿಕೊಂಡರು. ನನ್ನ ಕಣ್ಣ ಮುಂದೆಯೇ ಅದು ನಡೆಯಿತು, ನಾನು ಗೋಣಿಚೀಲಗಳ ಪಕ್ಕಕ್ಕೆ ಹೋಗಿ ನನ್ನ ಅಣೆಕಟ್ಟಿನ ಧೂಳು ಒರೆಸಿದೆ.

ಸಾಲಿನಲ್ಲಿ ಒಬ್ಬ ಹುಡುಗಿ ಇದ್ದಳು. ಚೌಳಹಿರಿಯೂರಿನ ಕಡೆಯ ವಿಧವೆಯೊಬ್ಬಳ ಒಬ್ಬಳೇ ಮಗಳು. ಹದಿನಾರೋ ಹದಿನೇಳೋ. ತಾಯಿಯ ಜೊತೆ ಕೆಲಸಕ್ಕೆ ಬರುತ್ತಿದ್ದಳು. ಚಿತ್ರದಲ್ಲಿ ಅವಳ ಒಂದು ಕೆನ್ನೆ ಉಬ್ಬಿತ್ತು. ಕದ್ದು ಹಾಕಿಕೊಂಡ ಕೊಬ್ಬರಿ ಚೂರು. ನಾನು ಹಿಡಿಯಲಾರದ ಕಳ್ಳತನವನ್ನು ಅಜ್ಜಂಪುರದವಳು ಹಿಡಿದು ಗೋಡೆಗೆ ಹಾಕಿದ್ದಳು. ತಾಯಿ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಥೂ, ಕಳ್ಳಮುಂಡೇದೇ, ಊರಿಗೆಲ್ಲಾ ಗೊತ್ತಾಗಂಗೆ ತಿಂದೀಯಲ್ಲೇ!"

ಮುಂದಿನ ಬೇಸಿಗೆಯಲ್ಲಿ ಆ ಹುಡುಗಿ ಜ್ವರ ಬಂದು ತೀರಿಕೊಂಡಳು. ಆ ಹೊತ್ತಿಗೆ ಅಜ್ಜಂಪುರದವಳು ಬೇರೆ ಊರಿಗೆ ಹೊರಟುಹೋಗಿದ್ದಳು. ಹುಡುಗಿಯದೊಂದು ಫೋಟೋ ಕೂಡ ಇರಲಿಲ್ಲ. ಭೂಮಿಯ ಮೇಲೆ ಅವಳ ಮುಖ ಉಳಿದಿದ್ದದ್ದು ನಾನು ಬೀಗ ಹಾಕುತ್ತಿದ್ದ ಆ ಗೋಡೌನಿನ ಗೋಡೆಯಲ್ಲಿ ಮಾತ್ರ. ತಾಯಿ ಕೊಬ್ಬರಿ ಕೆಲಸ ಬಿಟ್ಟಳು. ಆದರೆ ಪ್ರತಿ ಸಂತೆಗೂ ಬಂದು ಗೋಡೆಯ ಮುಂದೆ ಕೂರುತ್ತಿದ್ದಳು. ಅಳುತ್ತಿರಲಿಲ್ಲ, ಕೈಮುಗಿಯುತ್ತಿರಲಿಲ್ಲ. ಸಂತೆಯ ಚೀಲ ಬಿಚ್ಚಿ ತಂದದ್ದನ್ನು ಮಗಳಿಗೆ ತೋರಿಸಿದಂತೆ ಒಂದೊಂದನ್ನೇ ತೆಗೆದು ಮತ್ತೆ ತುಂಬುತ್ತಿದ್ದಳು. ಕೆಲವೊಮ್ಮೆ ಬೈಯುತ್ತಿದ್ದಳು. "ತಲೆ ನೋಡು, ಕಾಗೆಗೂಡು. ಬಾಚ್ಕಂಡು ಕೂತ್ಕಬಾರ್ದಿತ್ತೇನೇ?" ಎದ್ದು ಹೋಗುವಾಗ ನನ್ನ ಕಡೆ ತಿರುಗಿ, "ಬತ್ತೀನಿ ಕಣಣ್ಣ, ಬಾಗ್ಲು ಭದ್ರವಾಗಿ ಹಾಕ್ಕೋ" ಎನ್ನುತ್ತಿದ್ದಳು. ನನ್ನನ್ನು ಆಕೆ ನಂಬಿದ್ದಳು. ಇದನ್ನು ಬರೆಯುವಾಗ ಪೆನ್ನನ್ನು ಮುರಿದು ಬಿಸಾಕೋಣ ಎನ್ನಿಸುತ್ತದೆ.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಸಾಹುಕಾರರು ತೀರಿಕೊಂಡರು.

ಸಾವಾದ ಮನೆಗೆ ತಿಥಿಯ ಮುಂಚೆ ಸುಣ್ಣ ಹೊಡೆಯುವುದು ನಮ್ಮ ಕಡೆ ರೂಢಿ. ಮನೆಗಷ್ಟೇ ಅಲ್ಲ, ತೀರಿಕೊಂಡವರ ಹೆಸರಿನಲ್ಲಿರುವ ಕೊಟ್ಟಿಗೆ, ಪಂಪ್‌ಸೆಟ್ಟಿನ ಕೋಣೆ, ಮಳಿಗೆ ಎಲ್ಲದಕ್ಕೂ. ಸುಣ್ಣ ಬಿದ್ದರೆ ಸೂತಕ ಕಳೆಯಿತು. ಸಾಹುಕಾರರ ಮಗ ತಲೆ ಬೋಳಿಸಿಕೊಂಡು ಮಂಡಿಯ ಗಾದಿಯಲ್ಲಿ ಕುಳಿತಿದ್ದ. ಗಟ್ಟಿ ಮಾತಿನವನಲ್ಲ, ಒಳ್ಳೆಯವನು. ನನ್ನನ್ನು ಕರೆದ.

"ಗುಮಾಸ್ತ್ರೇ, ಹಳೇ ಗೋಡೌನೂ ಅಪ್ಪಂದೇ ಅಲ್ವಾ. ಸುಣ್ಣ ಆಗ್ಬೇಕು ಅಂತಾರೆ. ಆದ್ರೆ ಆ ಯಮ್ಮ ಗೋಡೆಗೆ ಬರ್ದವ್ರಲ್ಲ, ಅದೇನ್ಮಾಡಾನ?"

ನಾನು ಲೆಕ್ಕದ ಪುಸ್ತಕ ಮುಚ್ಚಿದೆ.

"ನಮ್ ದೊಡ್ಡಪ್ಪನ್ನ ಕೇಳ್ದೆ. ಬಾಗ್ಲು ಮೂಲೇಲಿ ನಾಕು ಸಲ ಬ್ರಷ್ ಎಳೆದ್ರೂ ಶಾಸ್ತ್ರಕ್ಕೆ ಆಯ್ತದೆ, ಇಡೀ ಗೋಡೆಗೇ ಆಗ್ಬೇಕು ಅಂತೇನಿಲ್ಲ ಅಂದ್ರು. ನೀವು ಚಿತ್ರ ತಿಳ್ದೋರು. ಮೇಷ್ಟ್ರು ಬೇರೆ ಊರಲ್ಲಿಲ್ಲ. ಹೇಳಿ, ಇರ್ಲಾ, ಹೋಗ್ಲಾ?"

ಇಷ್ಟು ಸರಳವಾಗಿ ಕೇಳಿದ. ಶಾಸ್ತ್ರ ಹೇಳಬೇಕಾದ ಹಿರಿಯರೇ ದಾರಿ ಬಿಟ್ಟುಕೊಟ್ಟಿದ್ದರು. ಇರಲಿ ಎಂಬ ಒಂದು ಮಾತು ಸಾಕಿತ್ತು. ಸಂತೆಯ ದಿನ ಆ ತಾಯಿ ಬಂದು ಕೂರುವುದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಿಗೂ ಬಂತು. ಅದರ ಜೊತೆಗೇ ಗೋಡೆಗೆ ಮುಖ ಮಾಡಿ ನಿಂತ ನನ್ನ ಅಣೆಕಟ್ಟೂ ನೆನಪಿಗೆ ಬಂತು.

"ಹೋಗ್ಲಿ ಬಿಡಿ," ಎಂದೆ. "ಶಾಸ್ತ್ರ ಅಂದ್ಮೇಲೆ ಪೂರ್ತಿ ಮಾಡ್ಬೇಕು. ಅರ್ಧಂಬರ್ಧ ಒಳ್ಳೇದಲ್ಲ. ದೊಡ್ಡ ಯಜಮಾನ್ರ ಆತ್ಮಕ್ಕೆ ಶಾಂತಿ ಸಿಗ್ಬೇಕಲ್ಲ."

ಅವನ ಕಣ್ಣು ತುಂಬಿ ಬಂತು. ನನ್ನ ಕೈ ಹಿಡಿದುಕೊಂಡ.

ಸುಣ್ಣ ಹೊಡೆಯುವವನನ್ನು ಕರೆದುಕೊಂಡು ನಾನೇ ಹೋಗಿ ಬಾಗಿಲು ತೆಗೆದೆ. ಆತ ಬಕೆಟ್ ಕೆಳಗಿಟ್ಟು ಗೋಡೆಯನ್ನು ನೋಡಿದ.

"ಅಣ್ಣಾ, ಇವ್ರು ನೋಡ್ತಾ ಅವ್ರಲ್ಲ. ಹೆಂಗೆ ಹೊಡೀಲಿ?"

"ಏನಪ್ಪಾ, ಗೋಡೆ ಯಾವತ್ತೂ ಕಂಡಿಲ್ವಾ?"

"ಗೋಡೆ ಕಂಡಿದ್ದೀನಿ. ಜನದ ಮೇಲೆ ಹೊಡ್ದಿಲ್ಲ. ನೀವು ಸುರು ಮಾಡ್ಕೊಡಿ, ಆಮೇಲೆ ನಾ ಹೊಡೀತೀನಿ."

ಬ್ರಷ್ ಕಿತ್ತುಕೊಂಡು ಅದ್ದಿ ಎಳೆದೆ. ಏಣಿ ಇದ್ದ ಜಾಗದಲ್ಲಿ, ಎದೆಯ ಎತ್ತರಕ್ಕೆ ಸಿಕ್ಕವಳು ಆ ಹುಡುಗಿ. ಮೊದಲನೆಯ ಏಟಿಗೆ ಇದ್ದಿಲು ಕರಗಿ ಸುಣ್ಣ ಬೂದುಬಣ್ಣಕ್ಕೆ ತಿರುಗಿತು. ಮತ್ತೆ ಎಳೆದೆ. ಮೂರನೆಯ ಸಲಕ್ಕೆ ಬೆಳ್ಳಗಾಯಿತು. ಸಮಾಧಾನವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಅದೇ. ಆತ ಉಳಿದದ್ದನ್ನು ಮುಗಿಸಿದ. "ಎರಡನೇ ಕೋಟೂ ಹೊಡಿ" ಎಂದೆ. ಗೋಡೆ ಒಣಗಿದ ಮೇಲೆ ಮೊಳೆ ಹೊಡೆದು ನಡುಮಧ್ಯೆ ಲಕ್ಕವಳ್ಳಿ ಸೂರ್ಯಾಸ್ತವನ್ನು ನೇತು ಹಾಕಿದೆ.

ಸಂತೆಯ ದಿನ ಅವಳು ಎಂದಿನಂತೆ ಚೀಲ ಹೊತ್ತು ಬಂದಳು. ಒಳಗೆ ಕಾಲಿಟ್ಟವಳು ಬೇರೆ ಕಟ್ಟಡಕ್ಕೆ ಬಂದೆನೇನೋ ಎಂದು ಹಿಂದಕ್ಕೆ ಹೋಗಿ ಬಾಗಿಲು ನೋಡಿ ಮತ್ತೆ ಬಂದಳು. ಗೋಡೆಯ ಉದ್ದಕ್ಕೂ ನಡೆದಳು. ನನ್ನ ಸೂರ್ಯಾಸ್ತದ ಕೆಳಗೆ ನಿಂತು ಗೋಡೆಗೆ ಅಂಗೈ ಹಚ್ಚಿದಳು. ಕೈಗೆ ಸುಣ್ಣ ಮೆತ್ತಿತು.

"ಎಲ್ಲೋದ್ಳಣ್ಣ?"

"ಸಾಹುಕಾರ್ರು ಹೋಗ್ಬಿಟ್ರಲ್ಲಮ್ಮ. ಸೂತಕ. ಸುಣ್ಣ ಹೊಡೀಬೇಕಾಯ್ತು. ಸಂಪ್ರದಾಯ."

"ಅವರ ಮನೆ ಸೂತಕಕ್ಕೆ ನನ್ ಮಗಳ್ನ ಯಾಕೆ ತೊಳೆದ್ರಿ?"

ಕೂಗಲಿಲ್ಲ. ಲೆಕ್ಕ ತಪ್ಪಿದಾಗ ಅಂಗಡಿಯವನನ್ನು ಕೇಳುವ ಹಾಗೆ ಕೇಳಿದಳು. ನಾನು ತಲೆ ತಗ್ಗಿಸಿಕೊಂಡೆ. ದುಃಖದವನಂತೆ ಕಾಣಲು ತಗ್ಗಿಸಿದ್ದು ಅದು. ಅವಳು ಅಲ್ಲೇ ಕುಳಿತಳು. ಚೀಲ ಬಿಚ್ಚಲಿಲ್ಲ. ಕೊನೆಗೆ, "ಸಂಪ್ರದಾಯ ಅಂದ್ಮೇಲೆ ನೀನಾರೂ ಏನ್ಮಾಡ್ತೀಯ" ಎಂದು ನನಗೇ ಸಮಾಧಾನ ಹೇಳಿ ಎದ್ದು ಹೋದಳು.

ಅವಳು ಹೋದ ಮೇಲೆ ನಾನು ಒದ್ದೆ ಬಟ್ಟೆ ತೆಗೆದುಕೊಂಡು ಆ ಜಾಗವನ್ನು ಉಜ್ಜಿದೆ. ಬೂದು ನೀರು ಇಳಿಯಿತು. ಇನ್ನೂ ಉಜ್ಜಿದರೆ ಗಾರೆ ಬಂತು.

ಮೇಷ್ಟ್ರು ರಜೆ ಮುಗಿಸಿ ಬಂದು ಗೋಡೆ ನೋಡಿ ಕುರ್ಚಿಯಲ್ಲಿ ಕುಸಿದರು. ಅವರಿಗೂ ಸಂಪ್ರದಾಯ ಎಂದೇ ಹೇಳಿದೆ. ಸಾಹುಕಾರರ ಮಗನನ್ನು ಅವರು ಕೇಳಲಿಲ್ಲ. ತಂದೆ ಸತ್ತವನನ್ನು ಏನು ಕೇಳುವುದು ಎಂದರು. ಅಜ್ಜಂಪುರದವಳಿಗೆ ಸುದ್ದಿ ಕಳಿಸಿದರು. ಅವಳು ಬಂದಳು. ಮೇಷ್ಟ್ರು ಸಂಪ್ರದಾಯ, ಜನ, ಅಜ್ಞಾನ ಎಂದು ಏನೇನೋ ಹೇಳುತ್ತಿದ್ದರೆ ಅವಳು ಬಿಳಿ ಗೋಡೆಯನ್ನೂ ನನ್ನ ಸೂರ್ಯಾಸ್ತವನ್ನೂ ನೋಡುತ್ತ ನಿಂತಿದ್ದಳು.

"ಸಂಪ್ರದಾಯಕ್ಕೆ ಕೈ ಇರಲ್ಲ ಸಾರ್," ಎಂದಳು. "ಬ್ರಷ್ ಹಿಡಿದೋರು ಯಾರು?"

"ಸುಣ್ಣ ಹೊಡೆಯೋನು," ಎಂದೆ ನಾನು.

ಆ ಹೊತ್ತಿಗೆ ಮೇಷ್ಟ್ರು ಹೇಳಿಕಳಿಸಿದ್ದರಿಂದ ಚೌಳಹಿರಿಯೂರಿನ ತಾಯಿಯೂ ಬಂದಳು. ಬಂದವಳೇ ಅಜ್ಜಂಪುರದವಳ ಎರಡೂ ಕೈ ಹಿಡಿದುಕೊಂಡು, "ಅವ್ವಾ, ಎಲ್ಲಾರೂ ಬ್ಯಾಡ. ಅವಳೊಬ್ಬಳ್ನ ಬರ್ಕೊಡು. ಒಂದು ಕಾಗದದ ಮೇಲಾದ್ರೂ ಬರ್ಕೊಡು" ಎಂದಳು.

ಅಜ್ಜಂಪುರದವಳು ಕಾಗದ ತೆಗೆದು ಕುಳಿತಳು. ಇದ್ದಿಲು ಹಿಡಿದ ಕೈ ಮೇಲೆಯೇ ನಿಂತಿತು. ಎರಡು ಗೆರೆ ಎಳೆದಳು, ಬಿಟ್ಟಳು. ಕೊನೆಗೆ ಇದ್ದಿಲು ಕೆಳಗಿಟ್ಟು ಹೇಳಿದಳು: "ಅಮ್ಮಾ, ಅವಳು ಮುಂದೆ ಕೂತಿದ್ಳು, ನೋಡಿ ಬರೆದೆ. ಈಗ ಸುಳ್ಳು ಮುಖ ಬರೆದು ನಿಮ್ಮ ಕೈಗೆ ಹೆಂಗೆ ಕೊಡ್ಲಿ?" ಆಮೇಲೆ ನನ್ನ ಕಡೆ ತಿರುಗಿದಳು. "ನಾನು ನೋಡಿದ್ದು ಕೆಲವೇ ದಿನ. ಎರಡು ವರ್ಷ ಗೋಡೆ ಮೇಲೆ ದಿನಾ ನೋಡಿದೋರು ನೀವು. ನಿಮಗೆ ಕೈ ಇದೆ. ನೀವು ಬರೀರಿ."

ತಾಯಿ ನನ್ನ ಮುಂದೆ ಬಂದು ಕುಳಿತಳು. ಮೇಷ್ಟ್ರು ಹಲಗೆ ತಂದಿಟ್ಟರು. ಮೂವರೂ ನನ್ನನ್ನು ನೋಡುತ್ತಿದ್ದರು.

ಉಬ್ಬಿದ ಕೆನ್ನೆ ಬರೆದೆ. ಅದು ಬಂತು. ಕೊಬ್ಬರಿ ಕಳ್ಳತನ ನನಗೆ ಮರೆಯುವಂಥದ್ದಲ್ಲ. ಕಣ್ಣಿಗೆ ಬಂದೆ. ಕಣ್ಣು ಹೇಗಿತ್ತು? ಹುಬ್ಬು ಕೂಡಿತ್ತೆ, ಬಿಡಿಯಾಗಿತ್ತೆ? ಹಣೆ ಅಗಲವೆ? ಏನೂ ಗೊತ್ತಿರಲಿಲ್ಲ. ಎರಡು ವರ್ಷ ಆ ಗೋಡೆಯನ್ನು ನೋಡಿದ್ದೆ. ಗೆರೆ ಎಲ್ಲಿ ಜಾರಿದೆ, ಬಣ್ಣ ಎಲ್ಲಿ ಬಿರುಕು ಬಿಟ್ಟಿದೆ, ಕೈ ಉದ್ದವಾಯಿತಲ್ಲವೆ ಎಂದು ತಪ್ಪು ಹುಡುಕುವುದಕ್ಕೆ ನೋಡಿದ್ದೆ. ಹುಡುಗಿಯನ್ನು ಒಮ್ಮೆಯೂ ನೋಡಿರಲಿಲ್ಲ. ಕೈ ಸುಮ್ಮನಿರಲಿಲ್ಲ, ಅದು ತನಗೆ ಗೊತ್ತಿದ್ದ ಕಣ್ಣುಗಳನ್ನು ಬರೆದು ಮುಗಿಸಿತು, ಅಂಗಡಿ ಕ್ಯಾಲೆಂಡರಿನ ಹೆಣ್ಣಿನ ಕಣ್ಣುಗಳನ್ನು.

ತಾಯಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ಹೆಬ್ಬೆರಳನ್ನು ಕೆನ್ನೆಯ ಹತ್ತಿರ ತಂದು, ಮುಟ್ಟದೆ ನಿಲ್ಲಿಸಿದಳು.

"ಕೆನ್ನೆ ಅವಳ್ದೇ. ಮಿಕ್ಕಿದ್ದು ಯಾರ್ದೋ."

ಮಡಿಸದೆ ಹಿಂದಕ್ಕೆ ಕೊಟ್ಟಳು. ಆಮೇಲೆ ಅವಳು ಚಿತ್ರಶಾಲೆಗೆ ಬರಲಿಲ್ಲ. ಕೊಬ್ಬರಿ ಹೆಂಗಸರು ಬರಲಿಲ್ಲ. ಅಜ್ಜಂಪುರದವಳು ಮತ್ತೆ ಏನನ್ನೂ ಕಳಿಸಲಿಲ್ಲ. ಅವಳು ಕಳಿಸದಿದ್ದ ಮೇಲೆ ಅವಳ ಸ್ನೇಹಿತರೂ ಕಳಿಸಲಿಲ್ಲ. ನನ್ನ ಜಿಂಕೆ, ಹಂಸ, ಅಣೆಕಟ್ಟುಗಳೇ ಗೋಡೆ ತುಂಬ ಇದ್ದವು, ನೋಡುವವರಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಮೇಷ್ಟ್ರಿಗೆ ವರ್ಗವಾಯಿತು. ಗೋಡೌನಿಗೆ ರಸಗೊಬ್ಬರದ ಮೂಟೆಗಳು ಬಂದವು. ಚಿತ್ರಶಾಲೆ ಮುಚ್ಚಿದ್ದು ಹೀಗೆ.

ಕೆಲವು ವರ್ಷಗಳ ನಂತರ ಮೇಷ್ಟ್ರು ನಿವೃತ್ತರಾದಾಗ ತರೀಕೆರೆಯಲ್ಲಿ ಅವರಿಗೆ ಸನ್ಮಾನ ಮಾಡಿದರು. ಮುಂದಿನ ಸಾಲಿನಲ್ಲಿ ನನ್ನನ್ನು ಕೂರಿಸಿದರು. ಮೇಷ್ಟ್ರು ಮಾತಾಡುತ್ತ ಆ ಗೋಡೆಯ ಕಥೆ ಹೇಳಿದರು. "ನಮ್ಮ ಜನ ಒಳ್ಳೆಯವರು, ಆದರೆ ಅಜ್ಞಾನ. ಕಲೆಯನ್ನು ಸುಣ್ಣದಲ್ಲಿ ಹೂತರು. ಅದನ್ನು ಉಳಿಸಲು ಹೋರಾಡಿದ ಒಬ್ಬನೇ ಶಿಷ್ಯ ಇಲ್ಲಿ ಕೂತಿದ್ದಾನೆ" ಎಂದು ನನ್ನ ಕಡೆ ಕೈ ತೋರಿಸಿದರು. ನಾನು ಹೋರಾಡಿದೆ ಎಂದು ಅವರಿಗೆ ಹೇಳಿದವರು ಯಾರು? ನಾನೇ ಯಾವಾಗಲೋ ಹೇಳಿದ್ದೆ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈಮುಗಿದೆ. ಬೈಯಿಸಿಕೊಂಡ ಜನ ಯಾರು? ಶಾಸ್ತ್ರಕ್ಕೆ ನಾಲ್ಕು ಗೆರೆ ಸಾಕು ಎಂದ ದೊಡ್ಡಪ್ಪ. ಜನದ ಮೇಲೆ ಹೆಂಗೆ ಹೊಡೀಲಿ ಎಂದ ಸುಣ್ಣದವನು. ನನಗೇ ಸಮಾಧಾನ ಹೇಳಿ ಹೋದ ತಾಯಿ.

ಅದರ ಮರುದಿನ ನಾನು ಚೌಳಹಿರಿಯೂರಿನ ಕಡೆಯ ಬಸ್ಸು ಹತ್ತಿದೆ. ಅವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುದುಕಿಯಾಗಿದ್ದಳು. ತೆಂಗಿನ ಮರದ ಬುಡದಲ್ಲಿ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಳು. ಗುರುತು ಹಿಡಿದು, "ಬಾರಣ್ಣ, ಕೂತ್ಕೋ" ಎಂದು ನೀರು ಕೊಟ್ಟಳು. ಕುಡಿದೆ. ಎಲ್ಲವನ್ನೂ ಹೇಳಿದೆ: ಸಾಹುಕಾರರ ಮಗ ಕೇಳಿದ್ದು, ನಾನು ಹೋಗಲಿ ಎಂದದ್ದು, ಬ್ರಷ್ ಹಿಡಿದದ್ದು, ಮೊದಲ ಏಟು ಎಲ್ಲಿ ಬಿತ್ತು ಎನ್ನುವುದನ್ನೂ. ಹೇಳುತ್ತ ನಾನು ಅತ್ತೆ. ಅವಳು ಕಡ್ಡಿ ಸೀಳುವುದನ್ನು ನಿಲ್ಲಿಸಿದ್ದಳು.

"ಕ್ಷಮಿಸ್ಬಿಡಮ್ಮ," ಎಂದೆ.

"ಈಗ್ಯಾಕ್ ಬಂದೆ?"

ನಾನು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡೆ.

"ಶಾಸ್ತ್ರಕ್ಕೆ ಹೋಯ್ತು ಅಂತ ಹೊಟ್ಟೇಗೆ ಹಾಕ್ಕೊಂಡಿದ್ದೆ. ಜ್ವರಕ್ಕೆ ಒಂದ್ಸಲ ಹೋದ್ಳು, ಶಾಸ್ತ್ರಕ್ಕೆ ಇನ್ನೊಂದ್ಸಲ ಹೋದ್ಳು. ಯಾರ್ನೂ ಬೈಯಂಗಿಲ್ಲ, ದೇವ್ರನ್ನ ಬೈಕಂಡು ಉಂಡು ಮಲಗ್ತಿದ್ದೆ. ಈಗ ಬಂದು ನಾನು ಕಣಮ್ಮ ಅಂತೀಯ. ನೀನು ಅತ್ತು ಹಗುರಾಗಿ ಹೋಯ್ತೀಯ. ನಾನೇನ್ ಮಾಡ್ಲಿ ಇದನ್ನ ಇಟ್ಕಂಡು?"

ಕೈಮುಗಿದು ಕುಳಿತೆ.

"ಕೈ ಇಳ್ಸು. ನನ್ ಕಿವೀಗ್ ಊದಿ ಮುಗಿಸ್ಕಬ್ಯಾಡ. ಊರೆಲ್ಲಾ ಸಂಪ್ರದಾಯ ಅಂತದಲ್ಲ, ಊರಿಗ್ ಹೇಳು. ಸಂತೆ ದಿನ ಆ ಗೋಡೌನ್ ಮುಂದೆ ನಿಂತ್ಕಂಡು ಹೇಳು. ನಾನೂ ಬತ್ತೀನಿ. ನನ್ ಮಗಳ್ನ ಅಳಿಸ್ದೋನು ನಾನು ಅಂತ ನಾಕು ಜನದ ಮುಂದೆ ನಿನ್ ಬಾಯಲ್ಲಿ ಕೇಳ್ಬೇಕು. ಆಮೇಲೆ ಕ್ಷಮಿಸೋದು ಬಿಡೋದು."

"ಹೇಳ್ತೀನಿ," ಎಂದೆ. ನಿಜವಾಗಿಯೂ ಹೇಳಬೇಕೆಂದೇ ಅಂದದ್ದು.

ಸಂತೆಯ ದಿನ ಬಂತು. ಬೆಳಿಗ್ಗೆ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಹೊರಟೆ. ಗೋಡೌನಿನ ಬೀದಿಯ ತಿರುವಿನಲ್ಲಿ ನನಗೆ ಗುರುತಿನವರು ಎದುರಾದರು, ತರೀಕೆರೆಯ ಸನ್ಮಾನಕ್ಕೆ ಬಂದಿದ್ದವರು. "ಏನ್ ಸ್ವಾಮಿ, ಮೇಷ್ಟ್ರು ನಿಮ್ಮನ್ನ ಭಾಳಾ ಹೊಗಳಿದ್ರು" ಎಂದರು. ನಾನು ನಕ್ಕೆ. ಅವರ ಭುಜದ ಮೇಲಿಂದ ನೋಡಿದರೆ ಅವಳು ಆಗಲೇ ಬಂದಿದ್ದಳು. ಗೊಬ್ಬರದ ಮೂಟೆ ಇಳಿಸುವ ಲಾರಿಯ ಪಕ್ಕದಲ್ಲಿ, ಬಾಗಿಲಿನ ಎದುರಿಗೆ, ತೊಳೆದ ಸೀರೆ ಉಟ್ಟು ನಿಂತಿದ್ದಳು. ಜೊತೆಗೆ ತನ್ನೂರಿನ ಇಬ್ಬರು ಹೆಂಗಸರನ್ನು ಕರೆತಂದಿದ್ದಳು, ಅವರೂ ಕೇಳಲಿ ಎಂದು.

ಎದುರಿನ ಹೋಟೆಲಿಗೆ ನುಗ್ಗಿ ಒಳಗಿನ ಮೂಲೆಯ ಬೆಂಚಿನಲ್ಲಿ ಕುಳಿತೆ. ಕಾಫಿ ತರಿಸಿದೆ. ಕಿಟಕಿಯ ಸರಳುಗಳ ಸಂದಿಯಿಂದ ಅವಳು ಕಾಣುತ್ತಿದ್ದಳು. ಬೀದಿಯ ಎರಡೂ ತುದಿಯನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಜೊತೆಯವರು ಬೇಸತ್ತು ಸಂತೆಗೆ ಹೋದರು. ಬಿಸಿಲು ನೆತ್ತಿಗೆ ಬಂದಾಗ ಅವಳು ಸೆರಗನ್ನು ತಲೆಗೆ ಎಳೆದುಕೊಂಡಳು. ಲಾರಿ ಖಾಲಿಯಾಗಿ ಹೊರಟುಹೋಯಿತು. ನಾನು ಇನ್ನೊಂದು ಕಾಫಿ ಹೇಳಿದೆ. ಅವಳು ನಿಂತೇ ಇದ್ದಳು.